ಬಿದ್ದವನ ಮೇಲಿನ ಏಟು

ಮೊಳಕಾಲ್ಮೂರಿನಲ್ಲಿ ನನ್ನ ಸೋದರಮಾವ ರೇಷ್ಮೆ ಸೀರೆ ನೇಯುತ್ತಾರೆ. ಆ ಬೆಳಿಗ್ಗೆ ಬೀದಿಯುದ್ದಕ್ಕೂ ಹಾಸು ಕಟ್ಟಿದ್ದರು. ಸೀರೆಯ ಉದ್ದದ ಎಳೆಗಳನ್ನು ಹೀಗೆ ಬಿಗಿದು ಹದ ಮಾಡುವಾಗ ಯಾರೂ ಅದನ್ನು ದಾಟುವುದಿಲ್ಲ. ಗಾಡಿಯವರು ಇಳಿದು, ಗೋಡೆಯ ಪಕ್ಕದಲ್ಲಿ ತಳ್ಳಿಕೊಂಡು ಹೋಗುತ್ತಾರೆ.

ನಾನು ಚಳ್ಳಕೆರೆಯಲ್ಲಿ ಶಾಲಾ ಶಿಕ್ಷಕಿ. ಅಂಚೆ ಪಾಠದಲ್ಲಿ ಕಲಿತ ಫ್ರೆಂಚನ್ನು ಮಾವನ ಮಗಳಿಗೆ ಜಗಲಿಯಲ್ಲಿ ಹೇಳಿಕೊಡುತ್ತಿದ್ದೆ. ಅಂದಿನ ಪದ ‘ಕೂ’. ಏಟು ಎಂದರ್ಥ. ಕಾಲಿನ ಕೂ ಎಂದರೆ ಒದೆತ, ಕಣ್ಣಿನದು ಒಂದು ನೋಟ, ಕೈಯದು ಸಹಾಯ.

“ಕೈಯೇಟು ಸಹಾಯನಾ? ಹಂಗಾದ್ರೆ ಅಪ್ಪ ನಂಗೆ ಭಾಳ ಸಹಾಯ ಮಾಡ್ಯಾನೆ ಬಿಡಕ್ಕ,” ಎಂದು ಅವಳು ನಕ್ಕಳು.

ಆಗ ದೇವಸಮುದ್ರದ ಕುರಿ ವ್ಯಾಪಾರಿಯೊಬ್ಬ ಬೈಕಿಳಿದು ತಳ್ಳಿಕೊಂಡು ಬಂದ. ಸ್ಟ್ಯಾಂಡ್ ಎತ್ತುವುದನ್ನು ಮರೆತಿದ್ದ. ಅದು ಅಂಚಿನ ಎಳೆಗಳಿಗೆ ಸಿಕ್ಕಿತು. ಒಂದು ಹಿಡಿಯಷ್ಟು ಎಳೆ ಕಿತ್ತುಹೋಯಿತು.

ಮಾವ ಹಾಸಿನಡಿಯ ಕೋಲು ಕಿತ್ತುಕೊಂಡರು. ಮೊದಲ ಏಟು ಅವನ ಭುಜಕ್ಕೆ. ಎರಡನೆಯದು ಕಿವಿಯ ಮೇಲೆ; ಅವನು ಬಿದ್ದ, ಬೈಕು ಅವನ ಕಾಲ ಮೇಲೆ ಬಿತ್ತು.

“ಇಳಿದೇ ತಳ್ತಿದ್ನಲ್ಲಣ್ಣ! ವದ್ದಣ್ಣ, ವದ್ದು!” ಎಂದು ತೆಲುಗಿನಲ್ಲಿ ಬೇಡ ಬೇಡವೆನ್ನುತ್ತ ಬಲಗೈ ಅಡ್ಡ ಹಿಡಿದ.

ಮಾವ ಒಂದು ಹೆಜ್ಜೆ ಹಿಂದೆ ಸರಿದರು. ಮುಗಿಯಿತು ಎಂದುಕೊಂಡೆ. ಮತ್ತೆ ಮುಂದೆ ಬಂದು ಆ ಕೈಗೇ ಹೊಡೆದರು. ಮೂಳೆ ಮುರಿದ ಸದ್ದು ಜಗಲಿಗೆ ಕೇಳಿಸಿತು. ನಾನು ಎದ್ದಿರಲಿಲ್ಲ.

ಸಂಜೆ ಠಾಣೆಯಲ್ಲಿ ನನ್ನ ಸಾಕ್ಷಿ ಬರೆದುಕೊಳ್ಳುತ್ತಿದ್ದ ಪೇದೆ ಕೇಳಿದ: “ಇಬ್ರೂ ಹೊಡೆದಾಡಿದ್ರು ಅಂತ ಬರೀಲೇನ್ರಿ ಮೇಡಂ? ನಿಮ್ ಮಾವಗೂ ಹಗುರ ಆಗ್ತೈತೆ.”

ಮಾವ ಬೆಂಚಿನ ಮೇಲೆ ಕೂತಿದ್ದರು. “ಹಂಗೇ ಹೇಳವ್ವ. ನನ್ನ ತೊಡೆ ಮೇಲೆ ಬೆಳೆದೋಳು ನೀನು,” ಎಂದರು.

ಬೆಳಿಗ್ಗೆ ಒಂದೇ ಪದದೊಳಗೆ ಎಷ್ಟೆಲ್ಲ ಹಿಡಿಯುತ್ತದೆಂದು ಪಾಠ ಹೇಳಿದ್ದೆ. ಪೇದೆಯ ‘ಹೊಡೆದಾಟ’ದೊಳಗೆ ಆ ಕುರಿ ವ್ಯಾಪಾರಿಯ ಮುರಿದ ಕೈಗೆ ಜಾಗವಿರಲಿಲ್ಲ. ಅವನು ಹೊಡೆದಿರಲೇ ಇಲ್ಲ.

“ಮೂರು ಏಟು. ಮೂರೂ ಮಾವನವೇ. ಮೂರನೆಯದು ಅವನು ಬಿದ್ದ ಮೇಲೆ,” ಎಂದೆ.

ಪೇದೆ ಮಾವನ ಕಡೆ ನೋಡಿ, ನಾನು ಹೇಳಿದಂತೆಯೇ ಬರೆದುಕೊಂಡ. ನಾನು ಸಹಿ ಮಾಡಿದೆ.

“ಎರಡೇ ಏಟು ಅಂದಿದ್ರೆ ನಿನ್ ಗಂಟೇನು ಹೋಗ್ತಿತ್ತು?” ಎಂದು ಮಾವ ಕೇಳಿದರು. ಬೈಯುವ ದನಿಯಲ್ಲ. ನಿಜವಾಗಿಯೂ ಅವರಿಗೆ ತಿಳಿಯಬೇಕಿತ್ತು.