ಅರ್ಧಕ್ಕೆ ಆರಿದ ಊದುಬತ್ತಿ

ಇವತ್ತು ಬೆಳಿಗ್ಗೆ ದೇವರ ಮುಂದೆ ಹಚ್ಚಿದ ಊದುಬತ್ತಿ ಅರ್ಧಕ್ಕೇ ಆರಿಹೋಯಿತು. ಅದೇ ಪೊಟ್ಟಣದ ಇನ್ನೊಂದು ಕಡ್ಡಿ ಪಕ್ಕದಲ್ಲೇ ಹಾಯಾಗಿ ಉರಿಯುತ್ತಿತ್ತು. ನಿಮ್ಮ ಮನೆಯಲ್ಲೂ ಹೀಗಾಗಿರುತ್ತೆ ಬಿಡಿ. ನನ್ನ ಹೆಂಡತಿ ಗಾಳಿಯನ್ನು ಬೈದಳು. ನನಗೆ ನಂಜಮ್ಮನವರು ನೆನಪಾದರು.

ಎಪ್ಪತ್ತರ ದಶಕದ ಕೊನೆ. ಇಟ್ಟಮಡುವಿನ ಕಡೆ ಇನ್ನೂ ರಾಗಿ ಹೊಲ ಕಾಣುತ್ತಿದ್ದ ಕಾಲ. ಅಲ್ಲೊಂದು ಊದುಬತ್ತಿ ಕಾರ್ಖಾನೆಗೆ, ಸಂಖ್ಯಾಶಾಸ್ತ್ರದ ಡಿಗ್ರಿ ಹಿಡಿದು, ಹನುಮಂತನಗರದಿಂದ ನಡೆದೇ ಹೋಗುತ್ತಿದ್ದೆ. ಕಾಲು ನೆಲದ ಮೇಲೆ, ತಲೆ ಸ್ವಲ್ಪ ಮೇಲೆ. ಕಡ್ಡಿ ಹೆಚ್ಚು ಹೊತ್ತು ಉರಿಯುವ ಹದ ಹುಡುಕಿಕೊಡಬೇಕು. ವರದಿ ಒಪ್ಪಿಗೆಯಾದರೆ ಕೆಲಸ ಖಾಯಂ, ಇಲ್ಲದಿದ್ದರೆ ಮನೆ. ಇದ್ದಿಲು ಹೆಚ್ಚು-ಕಡಿಮೆ, ಅಂಟು ಹೆಚ್ಚು-ಕಡಿಮೆ, ಒಣಗಿಸುವುದು ಬಿಸಿಲಲ್ಲೋ ನೆರಳಲ್ಲೋ ಅಂತ ಎಂಟು ಬಗೆ ಮಾಡಿಸಿ, ಒಂದೊಂದರಲ್ಲೂ ಹತ್ತು ಕಡ್ಡಿ ಉರಿಸಿ ಹೊತ್ತು ಬರೆದುಕೊಂಡೆ. ಸರಾಸರಿಯಲ್ಲಿ ಗೆದ್ದದ್ದು ಇದ್ದಿಲು ಹೆಚ್ಚಿದ್ದ, ಬಿಸಿಲಲ್ಲಿ ಒಣಗಿದ ಬಗೆ. ವರದಿಯನ್ನೂ ಬರೆದು ಮುಗಿಸಿದೆ.

ಕಡ್ಡಿ ಹೊಸೆಯುವವರಲ್ಲಿ ಹಿರಿಯರು ನಂಜಮ್ಮನವರು. ಉರಿದು ಉಳಿದ, ನಾನು ಎಸೆಯಲು ಹೇಳಿದ್ದ ತುಂಡುಗಳನ್ನು ಎಸೆಯದೆ, ಬಗೆಗೊಂದು ಸಾಲು ಮಾಡಿ ಮೊರದಲ್ಲಿ ಜೋಡಿಸಿಟ್ಟಿದ್ದರು.

“ನಿಮ್ಮ ಗೆದ್ದ ಕಡ್ಡಿ ಇವೇ ಅಲ್ವಾ ಸಾರ್? ಒಂದು ಬುಡದವರೆಗೂ ಉರಿದದೆ, ಒಂದು ಸೊಂಟದಲ್ಲೇ ಆರಿಹೋಗ್ಯದೆ. ಬಸ್ ಸ್ಟಾಪಲ್ಲಿ ನಿಂತೋರ ಥರ, ಒಬ್ಬರಿಗೊಬ್ಬರು ಸಂಬಂಧ ಇಲ್ಲ. ಈ ನೆರಳಿಂದು ನೋಡಿ, ಒಂದೇ ಮನೆ ಮಕ್ಕಳು.”

“ಸರಾಸರಿ ಅದರದ್ದೇ ಜಾಸ್ತಿ ಇದೆ, ನಂಜಮ್ಮೋರೇ.”

“ಇರ್ಬೋದು ಸಾರ್. ದೇವ್ರ ಮುಂದೆ ಹಚ್ಚೋದು ಕಡ್ಡಿನ, ಸರಾಸರಿನ ಅಲ್ಲ.”

ಹಿಂದಿನಿಂದ ಯಾರೋ ಕಿಸಕ್ಕೆಂದರು. ನನ್ನ ಕಿವಿ ಬಿಸಿಯಾಯಿತು. ಎಂಟೂ ಬಗೆಯಲ್ಲಿ ಕಡ್ಡಿಯಿಂದ ಕಡ್ಡಿಗೆ ಇರುವ ಏರುಪೇರು ಒಂದೇ ಸಮ ಎಂದುಕೊಂಡು ಲೆಕ್ಕ ಹಾಕಿದ್ದೆ. ಹಾಗೆ ಎಂದುಕೊಳ್ಳಬೇಡಿ ಅಂತ ಪುಸ್ತಕದಲ್ಲಿ ಎಚ್ಚರಿಕೆ ಇತ್ತು. ಪರೀಕ್ಷೆಗೆ ಬರಲ್ಲ ಅಂತ ಓದದೆ ಬಿಟ್ಟಿದ್ದೆ.

ವರದಿ ಹರಿದು ಮತ್ತೆ ಕೂತೆ. ಹೆಚ್ಚು ಚದುರಿದ ಅಂಕಿಗಳಿಗೆ ಲೆಕ್ಕದಲ್ಲಿ ತೂಕ ಕಡಿಮೆ ಕೊಟ್ಟೆ. ಚದುರಿಸುತ್ತಿರುವುದು ಯಾವುದು ಅಂತ ಬೇರೆಯಾಗಿಯೇ ಹುಡುಕಿದೆ. ಇದ್ದಿಲಿನ ಗೆಲುವಿನ ಮೇಲಿದ್ದ ನಂಬಿಕೆ ಕುಸಿಯಿತು. ಏರುಪೇರಿನ ಮೂಲ ಬಿಸಿಲು. ಓಡಿಹೋಗಿ ನಂಜಮ್ಮನವರಿಗೆ ಹೇಳಿದೆ.

“ಹೂಂ, ಬಿಸಿಲಲ್ಲಿ ಹಾಕಿದ್ರೆ ಮೇಲಿನ ಕಡ್ಡಿ ಬೇಗ ಒಣಗುತ್ತೆ, ಅಡೀದು ಹಸಿ ಇರುತ್ತೆ. ಕೇಳಿದ್ರೆ ಮೊದಲೇ ಹೇಳ್ತಿದ್ದೆ.”

ಮಾಲೀಕರು ನೆರಳನ್ನೇ ಒಪ್ಪಿದರು. ನನ್ನ ಕೆಲಸ ಖಾಯಂ ಆಯಿತು. ವರದಿಯಲ್ಲಿದ್ದದ್ದು ಮಾತ್ರ ನನ್ನೊಬ್ಬನ ಹೆಸರು. ನಂಜಮ್ಮನವರಿಗೆ ಸಿಹಿ ಕೊಡಲು ಹೋದಾಗ ಅದನ್ನು ಹೇಳಲು ತಡವರಿಸಿದೆ. “ಲೆಕ್ಕ ನಿಮ್ದು ತಾನೆ, ಬಿಡಿ ಸಾರ್,” ಅಂದು ಲಾಡು ಬಾಯಿಗೆ ಹಾಕಿಕೊಂಡರು.

ಇವತ್ತು ಆರಿದ ಕಡ್ಡಿಯನ್ನು ನಾನು ಎಸೆಯಲಿಲ್ಲ. ಇನ್ನೊಂದು ಪೂರ್ತಿ ಉರಿಯುವವರೆಗೂ ಕಾದು, ಎರಡನ್ನೂ ತಟ್ಟೆಯಲ್ಲಿ ಪಕ್ಕಪಕ್ಕ ಇಟ್ಟೆ.

“ಏನ್ರೀ ಇದು?” ಅಂದಳು ಹೆಂಡತಿ.

“ನಂಜಮ್ಮೋರ ಲೆಕ್ಕ,” ಅಂದೆ.