ಅನ್ನ ಮಾರದ ಹೊನ್ನಿ

ಅನ್ನ ಮಾರುವವನ ಮುಖವನ್ನು ಬೆಳಗಾಗೆದ್ದು ನೋಡಬಾರದು ಎಂಬುದು ಹೊನ್ನಿಯ ನಂಬಿಕೆ. ಅಂಕೋಲೆ ಪೇಟೆಯಲ್ಲಿ ಖಾನಾವಳಿ ಇಟ್ಟಿದ್ದ ತುಳಸಿದಾಸ ಎದುರಿಗೆ ಬಂದರೆ ಅವಳು ದಾರಿಯ ಆಚೆ ಬದಿಗೆ ಸರಿದು ನಿಲ್ಲುತ್ತಿದ್ದಳು. ಅವನು ದಾಟಿದ ಮೇಲೆ ಒಮ್ಮೆ ಉಗುಳಿ ಮುಂದೆ ಹೋಗುತ್ತಿದ್ದಳು. ತುಳಸಿದಾಸನೋ ಜರಿಯಂಚಿನ ಧೋತರದವನು, ಪೇಟೆ ಕಮಿಟಿಯ ಮೆಂಬರ. ಊರ ಹೊರಗಿನ ಒಕ್ಕಲು ಕೇರಿಯಾದ ಕೊಪ್ಪದ ಹೆಂಗಸು ತನಗೆ ಹೆದರಿ ದಾರಿ ಬಿಡುತ್ತಾಳೆ ಎಂದೇ ಅವನು ತಿಳಿದಿದ್ದ. ಅಂಥ ತಿಳಿವಳಿಕೆಯವರೇ ಆಗ ಪೇಟೆ ಆಳುತ್ತಿದ್ದರು.

ಹಾಗೆಂದು ಹೊನ್ನಿ ಬುಟ್ಟಿ ಹೊತ್ತು ಪೇಟೆಗೆ ಬರುತ್ತಿರಲಿಲ್ಲ ಎಂದಲ್ಲ. ದಿನವೂ ಬರುತ್ತಿದ್ದಳು. ಗಟ್ಟದ ಮೇಲಕ್ಕೆ ಉಪ್ಪು, ಒಣಮೀನು ಹೇರಿಕೊಂಡು ಹೋಗುವ ಗಾಡಿಗಳು ಬಿಸಿಲು ತಪ್ಪಿಸಿಕೊಳ್ಳಲು ರಾತ್ರಿಯೇ ಹೊರಡುತ್ತಿದ್ದವು. ಪೇಟೆಯ ಹೊರಗಿನ ಬಯಲಿನಲ್ಲಿ ಗಾಡಿಯವರು ಎತ್ತು ಬಿಚ್ಚಿ ನೀರು ಕುಡಿಸುವ ಹೊತ್ತಿಗೆ ಹೊನ್ನಿ ಒಂದು ಬುಟ್ಟಿ ಕುಚ್ಚಿಗೆ ಅಕ್ಕಿಯ ಅನ್ನ, ಒಂದು ಗಡಿಗೆ ಹುಳಿಮೆಣಸಿನಲ್ಲಿ ಬತ್ತಿಸಿದ ತಾರ್ಲೆ ಮೀನು ಇಟ್ಟುಕೊಂಡು ಕೂತಿರುತ್ತಿದ್ದಳು. ಬಾಳೆ ಎಲೆಯಲ್ಲಿ ಅನ್ನ ಹಾಕಿ, ಮೇಲೆ ಮೀನಿಟ್ಟು, ಬಾಳೆನಾರಿನಿಂದ ಬಿಗಿದು ಕೈಗೆ ಕೊಟ್ಟರೆ ಆಯಿತು. ಗಟ್ಟ ಹತ್ತುವ ಮುಂಚೆ ಗಾಡಿಯವನು ಎಲ್ಲಿ ಬೇಕಾದರೂ ಬಿಚ್ಚಿ ಉಣ್ಣಬಹುದು. ಮೀನನ್ನು ಹಾರವಾಡದ ಹೆಂಗಸರಿಂದ ಕೊಳ್ಳುತ್ತಿದ್ದಳು, ಆದ್ದರಿಂದ ಮೀನಿಗೆ ಕಾಸು. ಅನ್ನಕ್ಕೆ ಕಾಸಿಲ್ಲ. ಬರೀ ಅನ್ನ ಕೇಳಿದವನಿಗೆ ಒಂದು ಹರಳು ಉಪ್ಪು ಸೇರಿಸಿ ಪುಕ್ಕಟೆ ಕೊಡುತ್ತಿದ್ದಳು. ಬೆಂದ ಅನ್ನಕ್ಕೆ ಬೆಲೆ ಕಟ್ಟಿದ ಮನೆಯಲ್ಲಿ ಒಲೆ ಉರಿಯುವುದಿಲ್ಲ ಎಂದು ಅವಳ ಅತ್ತೆ ಬೀರಿ ಸಾಯುವಾಗಲೂ ಹೇಳಿ ಸತ್ತಿದ್ದಳು. ಮೀನಿನಲ್ಲಿ ಬಂದದ್ದರಿಂದಲೇ ಮಳೆಗಾಲದ ನಾಲ್ಕು ತಿಂಗಳ ಅಕ್ಕಿ ಮನೆಗೆ ಬರಬೇಕು. ಗಂಡ ಹುಲಿಯಾ ತೆಂಗಿನ ಮರದಿಂದ ಬಿದ್ದು ಮೊಣಕಾಲು ಮುರಿದುಕೊಂಡ ಮೇಲೆ ಗೇಣಿ ಗದ್ದೆ ಅರ್ಧ ಬೀಳುಬಿದ್ದಿತ್ತು.

ಗಾಡಿಯವರು ಖಾನಾವಳಿಯ ಕಡೆ ತಲೆ ಹಾಕದೇ ಹೋಗುವುದು ತುಳಸಿದಾಸನ ಕಣ್ಣಿಗೆ ಬಿದ್ದೇ ಬಿದ್ದಿತು. ಅವನ ಸಾರು ನಿನ್ನೆಯದು, ಅನ್ನ ಮೊನ್ನೆಯದು ಎಂಬುದು ಮಾತ್ರ ಕಣ್ಣಿಗೆ ಬೀಳಲಿಲ್ಲ. ಉಪ್ಪಿನ ಸತ್ಯಾಗ್ರಹದ ಗಲಾಟೆ ಮುಗಿದು ಮೂರ್ನಾಲ್ಕು ವರ್ಷವಾಗಿದ್ದರೂ, ರಾತ್ರಿ ನಾಲ್ಕು ಜನ ಒಟ್ಟಿಗೆ ಕೂತರೆ ಕಮಿಟಿಯ ದೊಡ್ಡವರಿಗೆ ಇನ್ನೂ ಹೊಟ್ಟೆಯಲ್ಲಿ ನಡುಕ ಹುಟ್ಟುತ್ತಿತ್ತು. ಆ ನಡುಕಕ್ಕೆ ತುಳಸಿದಾಸ ತನ್ನ ಹೊಟ್ಟೆಕಿಚ್ಚನ್ನು ಬೆರೆಸಿದ. ಒಂದು ಕಾನೂನು ಹುಟ್ಟಿತು. ರಾತ್ರಿ ಹತ್ತರ ಮೇಲೆ ಬೇಯಿಸಿದ ತಿನಿಸನ್ನು ಕಟ್ಟಿ ಮಾರುವವರು ಕಮಿಟಿಯ ಪರವಾನೆ ತೆಗೆಯತಕ್ಕದ್ದು. ಇಡೀ ಪೇಟೆಯಲ್ಲಿ ಆ ಕಾನೂನಿಗೆ ಸಿಕ್ಕುವ ಹಾಗಿದ್ದವಳು ಒಬ್ಬಳೇ.

ಅದನ್ನು ಜಾರಿ ಮಾಡುವ ಕೆಲಸ ರಾಮನಾಥನೆಂಬ ಕಾರಕೂನನ ಪಾಲಿಗೆ ಬಂತು. ಅವನಿನ್ನೂ ಹಂಗಾಮಿ, ಖಾಯಂ ಆಗುವ ಆಸೆಯಿಂದ ಮೇಲಿನವರು ಕೆಮ್ಮಿದರೂ ಬರೆದುಕೊಳ್ಳುತ್ತಿದ್ದ. ಅಲ್ಪನಿಗೆ ಐಶ್ವರ್ಯ ಬಂದರೆ ಅರ್ಧರಾತ್ರಿಯಲ್ಲಿ ಕೊಡೆ ಹಿಡಿಯುತ್ತಾನೆ ಎನ್ನುವುದನ್ನು ಎಲ್ಲರೂ ಗಾದೆಯಾಗಿ ಕೇಳಿದ್ದರು, ಅಂಕೋಲೆಯವರು ಕಣ್ಣಾರೆ ಕಂಡರು. ಮೋಡವಿಲ್ಲದ ಫಾಲ್ಗುಣ ಮಾಸದ ರಾತ್ರಿ, ಕಚೇರಿಯಿಂದ ಕೊಟ್ಟ ಹೊಸ ಕೊಡೆಯನ್ನು ಬಿಚ್ಚಿ ಹಿಡಿದು ರಾಮನಾಥ ಗಾಡಿ ಬಯಲಿಗೆ ಬಂದ.

“ಅನ್ನ ಉಂಟೋ?” ಎಂದ.

“ಉಂಟು ಒಡ್ಯಾ. ಮೀನು ಹಾಕೂದಾ?”

“ಬೇಡ. ಬರೀ ಅನ್ನ ಸಾಕು.”

ಹೊನ್ನಿ ಅನ್ನಕ್ಕೆ ಒಂದು ಹರಳು ಉಪ್ಪು ಸೇರಿಸಿ ಕಟ್ಟಿಕೊಟ್ಟಳು. ಅವನು ಕಾಸು ಚಾಚಿದರೆ ಕೈ ಹಿಂದೆ ಎಳೆದುಕೊಂಡಳು. ಕೊಪ್ಪದವರ ಕೈಯ ಅನ್ನ ತನ್ನ ಕುಲಕ್ಕೆ ಸಲ್ಲದು ಎಂದು ಹಗಲೆಲ್ಲ ಹೇಳಿಕೊಂಡು ತಿರುಗುವ ಆ ಮನುಷ್ಯ ಹುಣಸೆ ಮರದ ಹಿಂದೆ ಕೊಡೆ ಮರೆಮಾಡಿಕೊಂಡು ಒಂದು ಅಗುಳೂ ಬಿಡದೆ ಉಂಡ. ಉಂಡ ಮನೆಯ ಜಂತೆ ಎಣಿಸುವವರನ್ನು ಹೊನ್ನಿ ಕಂಡಿದ್ದಳು. ಇವನು ಜಂತೆಯನ್ನು ಎಣಿಸಿದ್ದಲ್ಲದೆ ಬರೆದೂ ಇಟ್ಟ. ಮಾರನೆಯ ದಿನ ಅವನೇ ನೋಟೀಸು ತಂದ: ‘ಹೊನ್ನಿ ಕೋಂ ಹುಲಿಯಾ ಇವಳು ಪರವಾನೆ ಇಲ್ಲದೆ ರಾತ್ರಿ ವೇಳೆ ಅನ್ನ ಮಾರಿರುತ್ತಾಳೆ.’

ಕಚೇರಿಯಲ್ಲಿ ಅವಳನ್ನು ಬಾಗಿಲ ಹೊರಗೆ ನಿಲ್ಲಿಸಿ ವಿಚಾರಣೆ ನಡೆಸಿದರು. ಅಧ್ಯಕ್ಷನಿಗೆ ಊಟದ ಹೊತ್ತಾಗಿತ್ತು. ಅವನಿಗೆ ನ್ಯಾಯಕ್ಕಿಂತ ಬೇಗ ಮುಗಿಯುವುದು ಮುಖ್ಯ.

“ಒಂದು ರೂಪಾಯಿ ಕಟ್ಟು, ಈ ಪರವಾನೆ ಕಾಗದಕ್ಕೆ ಹೆಬ್ಬೆಟ್ಟು ಒತ್ತು, ಹೋಗು. ನಾಳೆಯಿಂದ ಯಾರೂ ಕೇಳುವುದಿಲ್ಲ” ಎಂದ.

“ಕಾಗದದಲ್ಲಿ ಎಂತ ಬರ್ದೀರಿ, ಓದಿ ಹೇಳಿ ಒಡ್ಯಾ.”

ರಾಮನಾಥ ಓದಿದ: “ಅನ್ನ ಮಾರುವ ಕಸುಬಿನ ಹೊನ್ನಿ ಎಂಬ ನಾನು...”

“ನಿಲ್ಸಿ” ಎಂದಳು ಹೊನ್ನಿ. “ನಾ ಅನ್ನ ಮಾರೂದಿಲ್ಲ. ಮೀನು ಮಾರ್ತೆ, ಅನ್ನ ಹಾಕ್ತೆ. ಮೀನು ಅಂತ ಬರೀರಿ, ಈಗಲೇ ಒತ್ತತೆ.”

ಅಧ್ಯಕ್ಷ ಆಗಲಿ ಎನ್ನುವವನೇ ಇದ್ದ. ಆದರೆ ತುಳಸಿದಾಸ ಬಿಡಬೇಕಲ್ಲ! ಮೀನು ಎಂದು ಬರೆದರೆ ಅನ್ನ ಪುಕ್ಕಟೆಯಾಗಿಯೇ ಉಳಿಯುತ್ತದೆ. ಅನ್ನ ಪುಕ್ಕಟೆ ಸಿಗುವ ಊರಿನಲ್ಲಿ ಅವನ ಮೊನ್ನೆಯ ಅನ್ನವನ್ನು ಕೊಳ್ಳುವವರು ಯಾರು? ಅನ್ನವೇ ಮುಖ್ಯ, ಮೀನು ಮೇಲೋಗರ, ಅನ್ನ ಎಂದೇ ಬರೆಯಬೇಕು ಎಂದು ಮೇಜು ಗುದ್ದಿದ. ಅಧ್ಯಕ್ಷನ ಹೊಟ್ಟೆ ಗುರುಗುಟ್ಟಿತು. ಅನ್ನ ಎಂದೇ ಇರಲಿ ಎಂದುಬಿಟ್ಟ.

ಹುಲಿಯಾ ಕೋಲೂರಿಕೊಂಡು ಹಿಂದೆ ನಿಂತಿದ್ದ. “ಒತ್ಬಿಡೇ. ಬೆರಳಿಗೆ ಮಸಿ ಹತ್ತೂದು, ತೊಳ್ದ್ರೆ ಹೋಗ್ತದೆ. ಮಳೆಗಾಲಕ್ಕೆ ಉಣ್ಣೂದೆಂತ?” ಎಂದು ಪಿಸುಗುಟ್ಟಿದ.

ಹೊನ್ನಿ ಗಂಡನನ್ನು ನೋಡಿದ ನೋಟಕ್ಕೆ ಅವನು ಕೋಲು ಹಿಂದಕ್ಕೆ ಊರಿ ಎರಡು ಹೆಜ್ಜೆ ಸರಿದ. ಆಮೇಲೆ ತುಳಸಿದಾಸನ ಕಡೆ ತಿರುಗಿದಳು. ಇಷ್ಟು ವರ್ಷ ಅವನು ದಾಟಿದ ಮೇಲೆ ಉಗುಳುತ್ತಿದ್ದವಳು ಈಗ ಎದುರೆದುರೇ ಮಾತನಾಡಿದಳು.

“ನಿನ್ನ ಜಾತಿಗೆ ನನ್ನ ಸೇರಿಸ್ಕಣೂಕೆ ನೋಡ್ತೀ. ನಾ ಬರೂದಿಲ್ಲ. ನಾಳಿಂದ ಮೀನಿಗೂ ಕಾಸಿಲ್ಲ. ಕೊಡೂದ್ಕೆ ಪರವಾನೆ ಉಂಟಾ, ಒಡ್ಯಾ? ಇದ್ರೆ ಅದ್ನ ಬರೀರಿ.”

ಕೊಡುವುದಕ್ಕೆ ಪರವಾನೆ ಇರಲಿಲ್ಲ. ಕೊಡುವವರೂ ಇರುತ್ತಾರೆ ಎಂದು ಆ ಕಮಿಟಿಯಲ್ಲಿ ಯಾರಿಗೂ ಹೊಳೆದಿರಲಿಲ್ಲ. ಅವಳ ಕೈಯಲ್ಲಿ ಒಂದು ಕಾಸು ಕಂಡರೂ ಬುಟ್ಟಿ ಜಪ್ತಿ ಎಂದು ಎಚ್ಚರಿಕೆ ಕೊಟ್ಟು, ಕಾವಲಿಗೆ ರಾಮನಾಥನನ್ನು ನೇಮಿಸಿ, ಎಲ್ಲರೂ ಊಟಕ್ಕೆ ಎದ್ದರು.

ಹೊನ್ನಿಯ ಲೆಕ್ಕ ಸರಳವಾಗಿತ್ತು. ಕಾಸು ಕೈಗೆ ಬರುವುದು ಬೇಡ. ಏಳೆಂಟು ವರ್ಷ ತನ್ನ ಕೈಯಲ್ಲಿ ಉಂಡ ಗಾಡಿಯವರು ಗಟ್ಟದಿಂದ ಇಳಿಯುವಾಗ ಕೊಪ್ಪದ ಮುಂದೆಯೇ ಹಾದು ಬರುತ್ತಾರೆ. ಮೇಲಿನಿಂದ ತರುವ ಅಕ್ಕಿಯಲ್ಲಿ ಒಂದು ಸೇರು, ಮೆಣಸಿನಲ್ಲಿ ಒಂದು ಹಿಡಿ ಅಂಗಳಕ್ಕೆ ಹಾಕಿ ಹೋದರೆ ಯಾವ ಕಾರಕೂನ ಏನು ಮಾಡಿಯಾನು? ಅದನ್ನು ಅವಳು ಬಾಯಿಬಿಟ್ಟು ಹೇಳಲಿಲ್ಲ. ಅವಳ ಕೊಪ್ಪದಲ್ಲಿ ಅಂಥದನ್ನು ಯಾರೂ ಹೇಳುವುದಿಲ್ಲ. ಉಂಡವನು ತಾನೇ ತಿಳಿದು ಮಾಡುತ್ತಾನೆ, ಮಾಡದವನನ್ನು ಮನುಷ್ಯರ ಲೆಕ್ಕಕ್ಕೆ ಹಿಡಿಯುವುದಿಲ್ಲ. ಗಾಡಿಯವರನ್ನು ಅವಳು ಕೊಪ್ಪದವರಂತೆಯೇ ಎಂದುಕೊಂಡಳು. ತಪ್ಪಿದ್ದು ಅಲ್ಲೇ.

ಪುಕ್ಕಟೆ ಎಂದರೆ ನನಗೊಂದಿರಲಿ, ನಮ್ಮಪ್ಪನಿಗೊಂದಿರಲಿ ಎನ್ನುವ ಮಂದಿ. ಮೊದಲ ರಾತ್ರಿ ನಾಚಿಕೆಯಿಂದ ಕೈ ಚಾಚಿದವರು ಮೂರನೆಯ ರಾತ್ರಿ “ಮೀನು ಸಣ್ಣದಾಯ್ತಲ್ಲೇ” ಎಂದರು. ಹಳೇ ಗಿರಾಕಿ ಮಾಸ್ತಿ, ಜ್ವರ ಬಂದಾಗ ಅವಳ ಗಂಜಿ ಕುಡಿದೇ ಬದುಕಿದವನು, ತನಗೆರಡು ಪೊಟ್ಟಣ ಕಟ್ಟಿಸಿಕೊಂಡು, ಕಾರವಾರದಲ್ಲಿರುವ ತಮ್ಮನಿಗೂ ಒಂದಿರಲಿ ಎಂದ. ಅವನ ತಮ್ಮ ಅದನ್ನು ಉಣ್ಣುವ ಹೊತ್ತಿಗೆ ಅದು ತುಳಸಿದಾಸನ ಅನ್ನದಂತಾಗಿರುತ್ತದೆ ಎಂಬ ಅರಿವೂ ಅವನಿಗಿರಲಿಲ್ಲ. ರಾಮನಾಥನೂ ಕಾವಲಿನ ಹೆಸರಿನಲ್ಲಿ ದಿನವೂ ಹುಣಸೆ ಮರದ ಹಿಂದೆ ಉಂಡ. ಹಗಲು ಗಾಡಿಗಳು ಗಂಟೆ ಕುಣಿಸುತ್ತ ಕೊಪ್ಪದ ಮುಂದೆ ಹಾದುಹೋದವು. ಅಂಗಳಕ್ಕೆ ಒಂದು ಅಕ್ಕಿಕಾಳೂ ಬೀಳಲಿಲ್ಲ. ಹೊನ್ನಿ ಬಾಗಿಲಲ್ಲಿ ಕೂತು ಪ್ರತಿಯೊಬ್ಬನ ಬೆನ್ನನ್ನೂ ನೋಡುತ್ತಿದ್ದಳು. ಅವಳಿಗೆ ದುಃಖವಾಗಲಿಲ್ಲ, ಹೇಸಿಗೆಯಾಯಿತು.

ಹತ್ತನೆಯ ರಾತ್ರಿ ಮನೆಯ ಮಡಕೆಯ ತಳ ಕೆರೆದು ಬೇಯಿಸಿದ ಅನ್ನ ಬುಟ್ಟಿಯಲ್ಲಿತ್ತು. ಗಾಡಿಯವರು ಸುತ್ತ ನೆರೆದರು. ಎಲ್ಲರಿಗಿಂತ ಮುಂದೆ ಮಾಸ್ತಿಯ ಕೈ ಇತ್ತು. ಹೊನ್ನಿ ಎದ್ದು, ಬುಟ್ಟಿ ಎತ್ತಿಕೊಂಡು, ಆ ಕೈಯನ್ನು ದಾಟಿ ಹೋಗಿ ಅವನ ಎತ್ತುಗಳ ಮುಂದೆ ಅಷ್ಟನ್ನೂ ಸುರಿದಳು.

“ಏ ಹೊನ್ನಕ್ಕ, ತಲೆ ಕೆಟ್ತಾ? ನಾವು ಉಣ್ಣೂದೆಂತ?” ಎಂದ ಮಾಸ್ತಿ.

“ಇವು ಉಂಡದ್ಕೆ ಬೆಳಗಾತನಕ ಎಳೀತವೆ. ನೀವು ಎಂತ ಎಳ್ದೀರಿ?” ಎಂದಳು ಹೊನ್ನಿ.

ಎತ್ತುಗಳು ನೆಮ್ಮದಿಯಿಂದ ತಿಂದವು. ಅವಳು ಖಾಲಿ ಬುಟ್ಟಿಯನ್ನು ಬೋರಲು ಹೊತ್ತು ಮನೆಗೆ ಹೋದಳು, ಮತ್ತೆ ಆ ಬಯಲಿಗೆ ಬರಲಿಲ್ಲ. ಆ ಮಳೆಗಾಲ ಗೆಣಸು ಬೇಯಿಸಿಕೊಂಡು, ಊರವರ ಗದ್ದೆಯಲ್ಲಿ ನಟ್ಟಿ ಮಾಡಿ ಕಳೆಯುವುದೆಂದು ನಿಶ್ಚಯಿಸಿದಳು. ಗಾಡಿಯವರು ದುಡ್ಡು ಕೊಟ್ಟು ಖಾನಾವಳಿಯ ಹಳಸಲು ನುಂಗಿದರು. ಅವರ ಯೋಗ್ಯತೆಗೆ ಅದು ಸರಿಯಾಗಿಯೇ ಇತ್ತು.

ಕಥೆ ಇಲ್ಲಿಗೇ ಮುಗಿಯಬೇಕಿತ್ತು, ಆದರೆ ಕಚೇರಿಯಲ್ಲಿ ಯಾವುದೂ ತಾನಾಗಿ ಮುಗಿಯುವುದಿಲ್ಲ. ಹೊನ್ನಿಯ ಹೆಸರು ಪುಸ್ತಕದಲ್ಲಿ ಹಾಗೆಯೇ ತೆರೆದುಕೊಂಡಿತ್ತು. ಅದನ್ನು ಮುಚ್ಚಿಸಿಕೊಂಡು ಬಾ, ಇಲ್ಲದಿದ್ದರೆ ಖಾಯಂ ಆಗುವ ಮಾತು ಮರೆತುಬಿಡು ಎಂದು ಅಧ್ಯಕ್ಷ ರಾಮನಾಥನನ್ನು ಅಟ್ಟಿದ. ಚೈತ್ರದ ಉರಿಬಿಸಿಲಿನಲ್ಲಿ, ಆ ಒಂದು ದಿನ ಮಾತ್ರ ಕೊಡೆ ಮರೆತು, ನಾಲ್ಕು ಮೈಲು ನಡೆದು ಅವನು ಕೊಪ್ಪಕ್ಕೆ ಬಂದ. ಮಸಿಯ ಡಬ್ಬಿ, ಬರೆದ ಕಾಗದ ಎರಡನ್ನೂ ಜಗಲಿಯ ಮೇಲಿಟ್ಟ.

“ಇದು ನಿನಗೆ ಒಳ್ಳೆಯದೇ ಹೊನ್ನಿ. ‘ಅನ್ನ ಮಾರುವುದನ್ನು ಇಂದಿನಿಂದ ಬಿಟ್ಟಿರುತ್ತೇನೆ’ ಎಂದು ಬರೆದಿದೆ. ಒತ್ತಿಬಿಡು, ಆಮೇಲೆ ನಿನ್ನ ಗೊಡವೆಗೆ ಯಾರೂ ಬರುವುದಿಲ್ಲ.”

“ಬಿಡ್ಬೇಕಾರೆ ಮೊದ್ಲು ಮಾರಿರ್ಬೇಕಲ್ಲ” ಎಂದಳು ಹೊನ್ನಿ. “ನಾ ಮಾರ್ಲಿಲ್ಲ. ಎಂತದ ಬಿಡೂದು?”

ರಾಮನಾಥ ಬೈದ, ಹೆದರಿಸಿದ, ಕೊನೆಗೆ ಹೆಂಡತಿ ಮಕ್ಕಳ ಹೆಸರು ಹೇಳಿ ಗೋಗರೆದ. ಹೊನ್ನಿ ಗೋಡೆಯ ಹಾಗೆ ಕೂತಿದ್ದಳು. ಅಷ್ಟರಲ್ಲಿ ಅವನ ಹೊಟ್ಟೆ ಕೂಗಿದ ಸದ್ದು ಅವಳಿಗೂ ಕೇಳಿಸಿತು. ಆ ದಿನ ಊರವರ ಗದ್ದೆಗೆ ಗೊಬ್ಬರ ಹೊತ್ತ ಕೂಲಿಯ ಅಕ್ಕಿ ಮನೆಯಲ್ಲಿತ್ತು, ಗಂಡಹೆಂಡತಿ ಇಬ್ಬರಿಗೆ ಒಂದು ಹೊತ್ತಿಗಾಗುವಷ್ಟು.

“ಹಿತ್ಲಬದಿಗೆ ಬಾ. ಅಲ್ಲಿ ಯಾರೂ ಕಾಣೂದಿಲ್ಲ” ಎಂದು ಎಲೆ ಹಾಕಿದಳು.

ಅವನು ಉಂಡ. ಹುಲಿಯಾನ ಪಾಲನ್ನೂ ಉಂಡ. ಉಂಡು ಕೈ ತೊಳೆದು, ಹೆಬ್ಬೆಟ್ಟಿಲ್ಲದ ಕಾಗದವನ್ನೇ ಜೇಬಿಗಿಟ್ಟುಕೊಂಡು ಹೋದ. ಹಸಿದವನಿಗೆ ಹಾಕಿದ್ದರ ಬಗ್ಗೆ ಹೊನ್ನಿಗೆ ಎರಡನೆಯ ಯೋಚನೆ ಇರಲಿಲ್ಲ. ಇವನನ್ನು ಅವಳು ಎತ್ತಿಗಿಂತ ಕೆಳಗಿಟ್ಟಿದ್ದಳು, ಆದರೂ ಹಸಿವು ಹಸಿವೇ.

ಎರಡು ದಿನ ಬಿಟ್ಟು ಮಾಸ್ತಿ ಬಂದ. ಒಂದು ಸಣ್ಣ ಚೀಲ ಅಕ್ಕಿ ಅಂಗಳದ ಅಂಚಿನಲ್ಲಿಟ್ಟು, ಒಳಗೆ ಬರಲು ಮುಖವಿಲ್ಲದೆ ಬೇಲಿಯ ಹತ್ತಿರವೇ ನಿಂತ. ಅವನು ಹೇಳಿದ ಸುದ್ದಿ ಇದು: ಆ ದಿನ ಕಾರಕೂನ ಹಿಂದಿರುಗುವಾಗ ದಾರಿಯಲ್ಲಿ ಒಂದು ಮರದ ಬುಡದಲ್ಲಿ ಕೂತಿದ್ದನಂತೆ. ಮಾಸ್ತಿಯ ಗಾಡಿ ಹತ್ತಿರ ಬಂದದ್ದನ್ನೂ ನೋಡದೆ ಮಸಿಯ ಡಬ್ಬಿ ತೆಗೆದು, ಕಾಗದಕ್ಕೆ ತನ್ನದೇ ಹೆಬ್ಬೆಟ್ಟು ಒತ್ತಿ, ಊದಿ ಒಣಗಿಸಿಕೊಂಡು ಹೋದನಂತೆ. ನಿನ್ನೆ ಕಚೇರಿಯಲ್ಲಿ ಪುಸ್ತಕ ಮುಚ್ಚಿತು, ಅವನ ಕೆಲಸ ಖಾಯಂ ಆಯಿತು. ಅನ್ನ ಮಾರುತ್ತಿದ್ದ ಹೊನ್ನಿ ಕಸುಬು ಬಿಟ್ಟಳು ಎಂದು ತುಳಸಿದಾಸ ಪೇಟೆಗೆಲ್ಲ ಹೇಳಿಕೊಂಡು ತಿರುಗುತ್ತಿದ್ದಾನೆ.

ಹೊನ್ನಿ ಮೊರದಲ್ಲಿದ್ದ ಕಾಳನ್ನು ಕೇರುವುದು ನಿಲ್ಲಿಸಿದಳು.

“ಬೆರಳು ಯಾರದ್ದು ಅಂದೆ?”

“ಅವಂದೇ ಹೊನ್ನಕ್ಕ. ನನ್ನ ಕಣ್ಣಾರೆ ಕಂಡೆ.”

“ಹಂಗಾರೆ ಮಾರ್ದವ್ನೂ ಅವ್ನೇ” ಎಂದಳು ಹೊನ್ನಿ. “ನನ್ನ ಅನ್ನವನ್ನೇ, ಆ ನೌಕರಿಗೆ. ಉಂಡು ಒಂದು ತಾಸೂ ಆಗಿರ್ಲಿಲ್ಲ.”