ಏಳು ಗಂಟುಗಳ ತಂತಿ

ಊರಿನವರೆಲ್ಲ ಅವನನ್ನು ವೈರಣ್ಣ ಎಂದೇ ಕರೆಯುತ್ತಿದ್ದರು. ಮೂವತ್ತೈದು ವರ್ಷಗಳಿಂದ ಕಂಡವರ ಗೋಡೆ ಕೊರೆದು ಕರೆಂಟಿನ ತಂತಿ ಎಳೆದವನು. ಕೆಲಸದಲ್ಲಿ ಮಹಾ ಕಟ್ಟುನಿಟ್ಟು. "ಮಣ್ಣೊಳಗೆ ಹೋಗೋ ತಂತಿ ಒಂದೇ ತುಂಡಾಗಿರಬೇಕು. ಗಂಟು ಹಾಕಬೇಕು ಅಂದ್ರೆ ಬೇರೆಯವರನ್ನ ಕರೀರಿ" ಎಂದು ದೊಡ್ಡ ಮನೆಯವರ ಮುಖಕ್ಕೇ ಹೇಳಿ ಎದ್ದು ಬಂದಿದ್ದ.

ಆದರೆ ತನ್ನ ಮನೆಗೆ ಮಾತ್ರ ಅವನು ಒಂದು ಗೇಣು ಹೊಸ ತಂತಿ ತಂದವನಲ್ಲ. ಬೇರೆ ಕಡೆ ಉಳಿದ ತುಂಡುಗಳನ್ನು ಸುರುಳಿ ಸುತ್ತಿ ತಂದು ಹಿತ್ತಿಲ ಬಾಗಿಲ ಮೊಳೆಗೆ ನೇತುಹಾಕುತ್ತಿದ್ದ. ಅದೇ ಅವನ ಹೆಮ್ಮೆ.

ಅವನ ಹೆಂಡತಿ ಬಟ್ಟೆ ಹೊಲಿಯುತ್ತಿದ್ದಳು. ಮಿಷನ್ನಿನ ಸದ್ದು ಹಾಸಿಗೆ ಹಿಡಿದಿದ್ದ ಮಾವನಿಗೆ ಆಗದು ಎಂದು ತೋಟದ ಕೊನೆಯಲ್ಲಿದ್ದ ಸಾಮಾನು ಕೋಣೆಯನ್ನು ಗುಡಿಸಿ, ಅಲ್ಲಿಗೆ ಹೋಗಿ ಕೂತಳು. ಮನೆಯಿಂದ ನೂರು ಹೆಜ್ಜೆ. ಒಂದೇ ಪುಟ್ಟ ಕಿಟಕಿ, ಅದರ ಮುಂದೆ ದಟ್ಟವಾದ ಮರ. ವೈರಣ್ಣ ಒಂದು ಭಾನುವಾರ ಕಾಲುವೆ ತೋಡಿ, ಮೊಳೆಯಲ್ಲಿದ್ದ ಎಂಟು ತುಂಡುಗಳಿಗೆ ಏಳು ಗಂಟು ಹಾಕಿ, ಟೇಪು ಸುತ್ತಿ, ಮಣ್ಣು ಮುಚ್ಚಿದ. ಬಲ್ಬ್ ಝಗ್ಗನೆ ಹೊತ್ತಿತು. ಮಿಷನ್ನಿನ ಮೋಟಾರು ಗುಂಯ್ ಎಂದು ತಿರುಗಿತು.

"ಊರಿಗೆಲ್ಲ ಬೇಡ ಅಂತೀರಿ, ನನಗೆ ಮಾತ್ರ ಗಂಟಾ?" ಎಂದಳು ಅವಳು.

"ನಾನು ಹಾಕಿದ ಗಂಟು ಕಣೇ. ನಿನ್ನನ್ನ ಕಟ್ಟಿಕೊಂಡಿದ್ದೂ ಬಿಚ್ಚಿಲ್ಲ ಇನ್ನೂ."

ಅವಳು ನಕ್ಕಳು.

ನಾಲ್ಕೈದು ವರ್ಷ ಕಳೆದ ಮೇಲೆ ಅವಳು ಸೂಜಿಗೆ ದಾರ ಪೋಣಿಸಲು ತಡವರಿಸತೊಡಗಿದಳು. "ರೀ, ಬೆಳಕು ಮಂಕಾಗಿದೆ, ಸ್ವಲ್ಪ ನೋಡಿ." ವೈರಣ್ಣ ಬಂದು, ಬಲ್ಬಿನ ಕಡೆ ತಲೆಯೆತ್ತಿಯೂ ನೋಡದೆ, ಪ್ಲಗ್ಗಿನೊಳಗೆ ಟೆಸ್ಟರ್ ತೂರಿಸಿದ. ಅದರ ತುದಿಯ ಕೆಂಪು ದೀಪ ಹೊತ್ತಿತು. "ಕರೆಂಟು ಚೆನ್ನಾಗೇ ಬರ್ತಿದೆ. ನಿನ್ನ ಕಣ್ಣಿಗೆ ಫ್ಯೂಸ್ ಹಾಕೋಕೆ ನನಗೆ ಬರಲ್ಲ, ಡಾಕ್ಟರ ಹತ್ರ ಹೋಗು."

ಹೋದಳು. "ವಯಸ್ಸಿಗೆ ತಕ್ಕ ಹಾಗಿದೆಯಮ್ಮ, ಅಂಥ ದೋಷ ಏನಿಲ್ಲ" ಎಂದು ಡಾಕ್ಟರು ಕನ್ನಡಕ ಬರೆದುಕೊಟ್ಟರು. ಕನ್ನಡಕದಲ್ಲಿ ಅಂಗಳದ ಬಿಸಿಲಿಗೆ ಪತ್ರಿಕೆ ಓದಲು ಬಂತು. ಕೋಣೆಯಲ್ಲಿ ಮಾತ್ರ ಕತ್ತಲೆ ದಿನಕ್ಕಿಷ್ಟು ಎಂದು ಕೂಡುತ್ತಲೇ ಹೋಯಿತು. ಮತ್ತೆರಡು ಸಲ ಹೇಳಿದಳು, ಎರಡು ಸಲವೂ ಟೆಸ್ಟರ್ ಹೊತ್ತಿತು, ಎರಡು ಸಲವೂ ಅವನು ಅದೇ ಜೋಕು ಹೇಳಿದ. ಆಮೇಲೆ ಅವಳು ಹೇಳುವುದನ್ನೇ ಬಿಟ್ಟಳು.

ಒಂದು ದಿನ ವಕೀಲರ ಹೆಂಡತಿ ಗಂಡನ ಕಪ್ಪು ಕೋಟನ್ನು ವಾಪಸು ತಂದು ಮೇಜಿನ ಮೇಲೆ ಹಾಕಿದಳು. ತೋಳು ಸೊಟ್ಟಗೆ ಕೂತಿತ್ತು, ಹೊಲಿಗೆ ಬಟ್ಟೆ ಬಿಟ್ಟು ಹೊರಗೆ ಓಡಿತ್ತು. "ಕಣ್ಣು ಕಾಣದಿದ್ರೆ ಒಪ್ಪಿಕೊಳ್ಳಬಾರದಮ್ಮ" ಎಂದಳು ಮೆಲ್ಲಗೆ. ಬೈದಿದ್ದರೆ ಇವಳು ತಡೆದುಕೊಳ್ಳುತ್ತಿದ್ದಳೇನೋ. ಮಾರನೆಯ ವಾರ ತಮ್ಮನ ಮಗಳನ್ನು ಕರೆಸಿ, ಮೋಟಾರಿನ ಸಮೇತ ಮಿಷನ್ನು ಹೊರಿಸಿ ಕಳಿಸಿದಳು. ಮೂವತ್ತು ವರ್ಷದ ಕೈಕೆಲಸ ಅವತ್ತಿಗೆ ಮುಗಿಯಿತು.

ತಿಂಗಳ ಮೇಲೆ ವೈರಣ್ಣ ಆ ಕೋಣೆಯ ಲೈನ್ ತೆಗೆಯಲು ಹೋದ. ಬೇರೆ ಕೆಲಸದಿಂದ ನೇರ ಬಂದಿದ್ದರಿಂದ ಹೆಗಲ ಚೀಲದಲ್ಲಿ ವೋಲ್ಟೇಜು ಅಳೆಯುವ ಮೀಟರ್ ಇತ್ತು. ಬಲ್ಬ್ ಹಾಕಿ, ಅಭ್ಯಾಸಬಲದಿಂದ ಪ್ಲಗ್ಗಿಗೆ ಮೀಟರಿನ ಕಡ್ಡಿ ಚುಚ್ಚಿದ. ಇನ್ನೂರ ಮೂವತ್ತು ತೋರಿಸಬೇಕಾದಲ್ಲಿ ನೂರ ಅರವತ್ತು ತೋರಿಸಿತು. ಮತ್ತೆ ಚುಚ್ಚಿದ. ಅಷ್ಟೇ. ಟೆಸ್ಟರಿಗೆ ಕರೆಂಟು ಇದೆಯೋ ಇಲ್ಲವೋ ಎಂದಷ್ಟೇ ಗೊತ್ತು, ಎಷ್ಟಿದೆ ಎಂದು ಗೊತ್ತಾಗದು. ಈ ಮಾತನ್ನು ಅವನೇ ಎಷ್ಟೋ ಜನಕ್ಕೆ ಹೇಳಿಕೊಟ್ಟಿದ್ದ.

ಗುದ್ದಲಿ ತಂದು ಅಗೆದ. ಮೂರನೇ ಗಂಟಿನ ಟೇಪು ಕೊಳೆತ ಎಲೆಯಂತೆ ಕೈಗೆ ಬಂತು. ಒಳಗೆ ತಾಮ್ರ ಹಸಿರುಗಟ್ಟಿ, ಕಪ್ಪಾಗಿ, ಎರಡೇ ಎರಡು ಎಳೆಯಲ್ಲಿ ಹಿಡಿದುಕೊಂಡಿತ್ತು. ಅಷ್ಟು ವರ್ಷ ಇಷ್ಟಿಷ್ಟೇ ತಿಂದುಕೊಂಡು ಬಂದಿತ್ತು. ಮುಚ್ಚಿಬಿಡಬಹುದಿತ್ತು. ಕಂಡವರು ಯಾರೂ ಇರಲಿಲ್ಲ.

ಮಾರನೆಯ ದಿನ ದಪ್ಪ ತಂತಿ ಕೊಂಡು ತಂದ, ಒಂದೇ ತುಂಡು. ಪೈಪಿನೊಳಗೆ ಎಳೆದು ಮೊಣಕಾಲಾಳದಲ್ಲಿ ಹೂತ. ಸಂಜೆ ಹೆಂಡತಿಯನ್ನು ಕರೆದ.

"ಈಗೇನು ಅಲ್ಲಿ ನನಗೆ?"

"ಬಾ ಸ್ವಲ್ಪ."

ಸ್ವಿಚ್ ಹಾಕಿದ. ಅದೇ ಹಳೆಯ ಬಲ್ಬು ಮೂಲೆಯ ಜೇಡರ ಬಲೆಯನ್ನೂ ಬಿಡದೆ ತೋರಿಸಿತು. ನೆಲದ ಸಂದಿನಲ್ಲಿ ಅವಳು ಹುಡುಕಿ ಸೋತಿದ್ದ ಗುಂಡುಪಿನ್ನುಗಳು ಮಿನುಗಿದವು. ಅವಳು ಗೋಡೆಗೆ ತೂಗುಹಾಕಿದ್ದ ಪುಟ್ಟ ಸೂಜಿದಿಂಬಿನಿಂದ ಒಂದು ಸೂಜಿ ಕಿತ್ತು, ದಾರ ತೆಗೆದುಕೊಂಡಳು. ಒಂದೇ ಸಲಕ್ಕೆ ಪೋಣಿಸಿದಳು.

"ಹಾಗಾದ್ರೆ ನನ್ನ ಕಣ್ಣಲ್ಲ."

"ಅಲ್ಲ. ನನ್ನ ಗಂಟು."

ಅವಳು ನೆಲದಲ್ಲಿ ಮಿಷನ್ನಿನ ನಾಲ್ಕು ಕಾಲು ಊರಿದ್ದ ಗುರುತುಗಳನ್ನು ನೋಡುತ್ತ ನಿಂತಳು.

"ವಾಪಸು ತರ್ತೀನಿ. ನಾಳೆಯೇ ಹೋಗಿ ಕೇಳ್ತೀನಿ" ಎಂದ ಅವನು.

"ಬೇಡ. ಆ ಹುಡುಗಿ ಅದರ ಮೇಲೇ ಸಂಸಾರ ತೂಗಿಸ್ತಿದಾಳೆ." ಸೂಜಿಯನ್ನು ದಾರದ ಸಮೇತ ದಿಂಬಿಗೆ ಚುಚ್ಚಿದಳು. "ಮೂರು ಸಲ ಹೇಳಿದೆ ನಿಮಗೆ. ಕೊನೆಗೆ ನನಗೂ ನನ್ನ ಕಣ್ಣಿನ ಮೇಲೆ ನಂಬಿಕೆ ಹೋಯ್ತು."

ಬಾಗಿಲು ದಾಟಿ, ತಿರುಗಿ ನೋಡದೆ ಹೇಳಿದಳು: "ಆರಿಸಿ ಬನ್ನಿ. ಖಾಲಿ ಕೋಣೆಗೆ ಯಾಕೆ ಇಷ್ಟು ಬೆಳಕು?"

ವೈರಣ್ಣ ಸ್ವಿಚ್ಚಿನ ಮೇಲೆ ಬೆರಳಿಟ್ಟ. ಹೊಸದಾಗಿ ಮುಚ್ಚಿದ ಮಣ್ಣಿನ ಪಕ್ಕದಲ್ಲಿ ಅವಳು ಮನೆಯ ಕಡೆ ನಡೆದು ಹೋಗುತ್ತಿದ್ದಳು. ಅವಳು ಒಳಗೆ ಹೋಗುವವರೆಗೂ ಅವನು ಆರಿಸಲಿಲ್ಲ.